ಹೋಟೇಲಿನ ಕಟ್ಟು, ಮನೆಯ ಖಿಚಡಿ

ಕಳೆದ ತಿಂಗಳು ಮನೆ ಭೇಟಿಗೆ ಹೊರಟಿದ್ದಾಗ ಕೊನೆಯ ಮನೆ ತಲಪುವಷ್ಟರಲ್ಲಿ ರಾತ್ರಿ ಎಂಟು ಗಂಟೆಯಾಯಿತು. ಗಂಡ ಹೆಂಡತಿ ಇಬ್ಬರೂ ಮಂಗಳೂರಿಗೆ ಕೆಲಸಕ್ಕೆ ಹೋಗುವವರು. ಬಸ್ಸಿನಲ್ಲಿ ತಲಪಾಡಿ ದಾಟಿ ಮನೆ ಸೇರುವಾಗ ದಿನವೂ ಏಳೂವರೆ ಕಳೆಯುತ್ತದೆ. ಮೇಜಿನ ಮೇಲೆ ಹೋಟೇಲಿನಿಂದ ತಂದ ಮೂರು ಕಟ್ಟುಗಳಿದ್ದವು. ಒಂದರಲ್ಲಿ ಪರೋಟ, ಇನ್ನೊಂದರಲ್ಲಿ ಮೇಲೆ ಎಣ್ಣೆ ನಿಂತ ಗಸಿ, ಮತ್ತೊಂದರಲ್ಲಿ ಮಕ್ಕಳಿಗೆಂದು ಕರಿದ ಕೋಳಿ. ಮನೆಯ ಯಜಮಾನನಿಗೆ ಪ್ರಾಯ ನಲವತ್ತೆರಡು. ಹಿಂದಿನ ವಾರವಷ್ಟೇ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಗಿತ್ತು. ನನ್ನ ಕಣ್ಣು ಆ ಕಟ್ಟುಗಳ ಮೇಲೆ ಬಿದ್ದದ್ದನ್ನು ನೋಡಿ, ನಾನು ಬಾಯಿ ತೆರೆಯುವ ಮೊದಲೇ ಆ ತಾಯಿ ಹೇಳಿದರು: "ಫಾದರ್, ನೀವು ಏನು ಹೇಳ್ತೀರಿ ಅಂತ ನಂಗೆ ಗೊತ್ತುಂಟು. ಮನೆ ಊಟ ಒಳ್ಳೇದು. ಆದ್ರೆ ಮಾಡುದು ಯಾರು? ನಂಗಿರುದು ಎರಡೇ ಕೈ."

ಆ ಹೊತ್ತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಚಹಾ ಕುಡಿದು ಎದ್ದು ಬಂದೆ. ಆದರೆ ಪ್ರಶ್ನೆ ಮಾತ್ರ ನನ್ನ ಹಿಂದೆಯೇ ಬಂತು. ಈ ಸಲದ ಅಂಕಣದಲ್ಲಿ ಅದಕ್ಕೆ ಉತ್ತರ ಹೇಳಲು ಪ್ರಯತ್ನಿಸುತ್ತೇನೆ. ಓದುಗರಿಗೆ ಒಪ್ಪಿಗೆಯಾಗದಿದ್ದರೆ ಎದುರಿಗೇ ಹೇಳಬಹುದು.

ಮೊದಲು ವಿಷಯದ ಗಂಭೀರತೆಯನ್ನು ತಿಳಿಯೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ 20 ವರ್ಷ ದಾಟಿದವರ ಪೈಕಿ ಶೇಕಡಾ 11.4 ಮಂದಿಗೆ ಸಕ್ಕರೆ ಕಾಯಿಲೆ ಇದೆಯೆಂದು ಅದು ಹೇಳಿತು. ನಾವು ವಾಸಿಸುವ ಕೇರಳ ರಾಜ್ಯದಲ್ಲಿ ಈ ಪ್ರಮಾಣ ಶೇಕಡಾ 25.5, ಅಂದರೆ ನಾಲ್ವರಲ್ಲಿ ಒಬ್ಬರು. ಗೋವಾದಲ್ಲಿ ಇನ್ನೂ ತುಸು ಹೆಚ್ಚು, 26.4. ಇದಕ್ಕೆಲ್ಲ ಹೋಟೇಲೇ ಕಾರಣವೆಂದು ನಾನು ಹೇಳುವುದಿಲ್ಲ. ವಂಶ, ಪ್ರಾಯ, ಮೈಮುರಿದು ದುಡಿಯದಿರುವುದು, ತಟ್ಟೆ ತುಂಬ ಅನ್ನ, ಎಲ್ಲವೂ ಸೇರಿವೆ. ಆದರೆ ದಿನಾ ರಾತ್ರಿಯ ಮೈದಾ, ಎಣ್ಣೆ ಮತ್ತು ಉಪ್ಪು ಈ ಬೆಂಕಿಗೆ ತುಪ್ಪ ಸುರಿಯುತ್ತವೆ ಎಂಬುದರಲ್ಲಿ ಸಂಶಯವಿಲ್ಲ.

ಇನ್ನೊಂದು ಸಂಗತಿ ನಮ್ಮ ಜಿಲ್ಲೆಯದೇ. 2022ರ ಮೇ ತಿಂಗಳಲ್ಲಿ ಚೆರುವತ್ತೂರಿನಲ್ಲಿ ಷವರ್ಮಾ ತಿಂದು ಹಲವರು ಆಸ್ಪತ್ರೆ ಸೇರಿದರು. ಶಾಲೆಗೆ ಹೋಗುವ ಒಬ್ಬ ಹುಡುಗಿ ತೀರಿಹೋದಳು. ಅಸ್ವಸ್ಥರಾದವರಲ್ಲಿ ಕೆಲವರ ಪರೀಕ್ಷೆಯಲ್ಲಿ ಭೇದಿ ತರುವ ಶಿಗೆಲ್ಲಾ ಎಂಬ ರೋಗಾಣು ಕಂಡುಬಂತು. ಆ ಮಗುವಿನ ಸುದ್ದಿಯನ್ನು ನಾವು ಮರೆಯಬಾರದು.

ಹಾಗಾದರೆ ಹೋಟೇಲಿಗೆ ಹೋಗುವುದೇ ತಪ್ಪೇ? ನನ್ನ ಅಭಿಪ್ರಾಯದಲ್ಲಿ ಅಲ್ಲ. ಈ ಮಾತಿಗೆ ಆಧಾರವಾಗಿ ದೂರದ ಒಂದು ಊರಿನ ಅನುಭವವನ್ನು ಹೇಳಬೇಕಾಗಿದೆ.

ಹೊರಗೆ ತಿನ್ನುವುದರಲ್ಲಿ ಗುಜರಾತಿಗಳು

ನಾನು ಕಿರಿಯ ಗುರುವಾಗಿದ್ದಾಗ ಕೆಲವು ವರ್ಷ ಗುಜರಾತಿನ ಚರೋತರದಲ್ಲಿದ್ದೆ. ಆಣಂದ ಮತ್ತು ಖೇಡಾ ಜಿಲ್ಲೆಗಳ ಫಲವತ್ತಾದ ಬಯಲಿಗೆ ಚರೋತರ ಎಂದು ಹೆಸರು. ಹೊಗೆಸೊಪ್ಪು, ಬಾಳೆ, ಬಟಾಟೆ, ಗೋಧಿ ಬೆಳೆಯುವ ನೆಲ. 1946ರಲ್ಲಿ ಹಾಲಿನ ಸಹಕಾರ ಸಂಘ ಹುಟ್ಟಿ ಮುಂದೆ ಅಮುಲ್ ಎಂದು ದೇಶಕ್ಕೆಲ್ಲ ಪರಿಚಯವಾದದ್ದು ಇಲ್ಲಿಂದಲೇ.

ಅಲ್ಲಿಗೆ ಹೋದ ಹೊಸತರಲ್ಲಿ ನನಗೆ ಆಶ್ಚರ್ಯವಾದದ್ದು ಅವರ ತಿಂಡಿಯ ಆಸೆ. ಬೆಳಿಗ್ಗೆ ಅಂಗಡಿಗಳ ಮುಂದೆ ಬಾಣಲೆಯಲ್ಲಿ ಗಾಂಠಿಯಾ ಕರಿಯುತ್ತಿರುತ್ತಾರೆ. ಕಡಲೆಹಿಟ್ಟಿಗೆ ಓಮ, ಕರಿಮೆಣಸು, ಸೋಡಾ ಹಾಕಿ ನಾದಿ ಮಾಡುವ ಖಾರದ ಕಡ್ಡಿ ಅದು. ಜತೆಗೆ ಹಸಿ ಪಪ್ಪಾಯದ ತುರಿ ಮತ್ತು ಕರಿದ ಹಸಿಮೆಣಸು. ದಸರಾ ದಿನ ಫಾಫಡಾ ಮತ್ತು ಜಿಲೇಬಿಗೆ ಉದ್ದನೆಯ ಸಾಲು. ಕಚ್ಛದ ಮಾಂಡವಿಯಿಂದ ಹೊರಟ ದಾಬೇಲಿ ಈಗ ಎಲ್ಲ ಊರಿನ ಕೈಗಾಡಿಯಲ್ಲೂ ಸಿಗುತ್ತದೆ. ಮಸಾಲೆ ಬೆರೆಸಿದ ಬಟಾಟೆಯನ್ನು ಪಾವ್ ಒಳಗೆ ತುಂಬಿ, ನೆಲಗಡಲೆ, ದಾಳಿಂಬೆ ಉದುರಿಸಿ ಕೊಡುತ್ತಾರೆ. ಅಹಮದಾಬಾದಿನ ಮಾಣೇಕ್ ಚೌಕದಲ್ಲಿ ಹಗಲು ಬಂಗಾರದ ವ್ಯಾಪಾರ, ರಾತ್ರಿ ಅಂಗಡಿಗಳು ಮುಚ್ಚಿದ ಮೇಲೆ ಅದೇ ಜಾಗದಲ್ಲಿ ಮೇಜು ಕುರ್ಚಿ ಹಾಕಿ ತಿಂಡಿಯ ವ್ಯಾಪಾರ. ಹೆದ್ದಾರಿಯ ಬದಿಯಲ್ಲಿ ಕಾಠಿಯಾವಾಡಿ ಊಟದ ಢಾಬಾಗಳು. ಅಲ್ಲಿ ಸಜ್ಜೆಯ ದಪ್ಪ ರೊಟ್ಟಿ, ಸುಟ್ಟ ಬದನೆಯ ಪಲ್ಯ, ಬೆಳ್ಳುಳ್ಳಿ ಚಟ್ನಿ, ಬೆಲ್ಲ, ಮಜ್ಜಿಗೆ. ಊಟವೆಂದರೆ ಸುರತ್, ಮರಣವೆಂದರೆ ಕಾಶಿ ಎಂಬ ಅರ್ಥದ ಗಾದೆ ಅವರಲ್ಲಿದೆ. ಸಾಯುವುದಕ್ಕೆ ಕಾಶಿ ಎಷ್ಟು ಶ್ರೇಷ್ಠವೋ ಉಣ್ಣುವುದಕ್ಕೆ ಸುರತ್ ಅಷ್ಟೇ ಶ್ರೇಷ್ಠ!

ನಗರದ ಅನೇಕ ಮನೆಗಳಲ್ಲಿ ಭಾನುವಾರ ರಾತ್ರಿ ಒಲೆ ಹಚ್ಚುವುದಿಲ್ಲ. ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಹೊರಗೆ ಹೋಗಿ ತಿನ್ನುತ್ತಾರೆ. ಅದನ್ನು ಯಾರೂ ಕೀಳಾಗಿ ಕಾಣುವುದಿಲ್ಲ. ಹಳ್ಳಿಯ ಸಂಪ್ರದಾಯದಲ್ಲೂ ಅಡಿಗೆಗೆ ವಿರಾಮವಿದೆ. ಶ್ರಾವಣದಲ್ಲಿ ಶೀತಳಾ ಸಾತಮ್ ಎಂಬ ಹಬ್ಬದ ದಿನ ಒಲೆ ಹಚ್ಚಬಾರದೆಂದು ಹಿಂದೂ ಮನೆಗಳಲ್ಲಿ ನಿಯಮ. ಹಿಂದಿನ ದಿನವೇ ಥೇಪ್ಲಾ, ಪೂರಿ ಮುಂತಾದುವನ್ನು ಮಾಡಿಟ್ಟು ಮರುದಿನ ತಣ್ಣಗೇ ತಿನ್ನುತ್ತಾರೆ. ಒಲೆಗೂ ಒಲೆಯ ಮುಂದೆ ನಿಲ್ಲುವವಳಿಗೂ ಒಂದು ದಿನ ರಜೆ.

ಹೀಗೆ ತಿನ್ನುವವರ ಮನೆಯಡಿಗೆ ಸತ್ತುಹೋಗಬೇಕಿತ್ತಲ್ಲ? ಹೋಗಿರಲಿಲ್ಲ. ಭಾನುವಾರ ಹೊರಗೆ ತಿಂದ ಕುಟುಂಬ ಸೋಮವಾರ ರಾತ್ರಿ ಮನೆಯಲ್ಲಿ ಖಿಚಡಿ ಉಣ್ಣುತ್ತಿತ್ತು. ಹೊರಗಿನ ಊಟ ಅವರಿಗೆ ಹಬ್ಬ, ಮನೆಯ ಊಟ ದಿನಚರಿ. ನಮ್ಮಲ್ಲಿ ಇದು ತಲೆಕೆಳಗಾಗುತ್ತಿದೆ ಎಂಬುದೇ ನನ್ನ ದೂರು. ಹೋಟೇಲಿನ ಕಟ್ಟು ದಿನಚರಿಯಾಗಿದೆ. ಅಮ್ಮನ ಕೈಯಡಿಗೆ ಹಬ್ಬಕ್ಕೆ ಮಾತ್ರ ಉಳಿದಿದೆ.

ಅವರ ಅಡಿಗೆಮನೆಯ ಗುಟ್ಟು

ಕಾರಣವೇನೆಂದು ನಾನು ಗಮನಿಸಿದೆ. ಚರೋತರದ ಹೆಂಗಸರು ನಮ್ಮವರಿಗಿಂತ ಕಡಿಮೆ ದುಡಿಯುವವರಲ್ಲ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಎಮ್ಮೆ ಕರೆದು ಹಾಲಿನ ಸಂಘಕ್ಕೆ ಮುಟ್ಟಿಸಬೇಕು. ನಡುವೆ ಹೊಲದ ಕೆಲಸ. ಸಂಜೆ ಹಾಲು ಕೊಟ್ಟು ಬಂದ ಮೇಲೆ ಗಂಟೆಗಟ್ಟಲೆ ಅರೆಯಲು, ಹುರಿಯಲು ಯಾರಿಂದ ಆಗುತ್ತದೆ? ಹಾಗಾಗಿ ಅವರ ರಾತ್ರಿಯ ಊಟ ಸರಳ. ಖಿಚಡಿ ಮತ್ತು ಕಢಿ, ಅಥವಾ ರೊಟ್ಟಿ ಮತ್ತು ಒಂದು ಪಲ್ಯ. ಮಧ್ಯಾಹ್ನಕ್ಕೆ ತೊಗರಿಬೇಳೆಯ ತೆಳು ಸಾರು, ಅನ್ನ, ತೆಳ್ಳನೆಯ ಗೋಧಿ ರೊಟ್ಟಿ, ಒಂದು ಪಲ್ಯ, ಮಜ್ಜಿಗೆ. ಆ ಸಾರಿಗೆ ಹುಳಿ ಬರುವುದು ಹೆಚ್ಚಾಗಿ ಕೋಕಂನಿಂದ. ಅದು ನಮ್ಮ ಪುನರ್ಪುಳಿಯೇ. ನಾವು ಹಿತ್ತಿಲಲ್ಲಿ ಉದುರಿ ಕೊಳೆಯಲು ಬಿಡುವ ಹಣ್ಣಿನ ಒಣಗಿದ ಸಿಪ್ಪೆಯನ್ನು ಅವರು ಕಾಸು ಕೊಟ್ಟು ತರುತ್ತಾರೆ.

ಎರಡನೆಯದು, ಇಂದು ಏನು ಮಾಡಲಿ ಎಂಬ ಚಿಂತೆ ಕಡಿಮೆ. ಬುಧವಾರ ಹೆಸರುಕಾಳು, ಶನಿವಾರ ಉದ್ದು ಎಂದು ಅನೇಕ ಮನೆಗಳಲ್ಲಿ ರೂಢಿ. ದಣಿದು ಬಂದವರಿಗೆ ಅಡಿಗೆ ಮಾಡುವುದಕ್ಕಿಂತ ಏನು ಮಾಡುವುದೆಂದು ಯೋಚಿಸುವುದೇ ಕಷ್ಟ. ಆ ಯೋಚನೆ ಮುಗಿಯುವ ಮೊದಲೇ ಕೈ ಮೊಬೈಲಿಗೆ ಹೋಗಿ ಹೋಟೇಲಿಗೆ ಆರ್ಡರ್ ಮುಟ್ಟಿರುತ್ತದೆ.

ಮೂರನೆಯದು, ಉಳಿದದ್ದನ್ನು ಬಿಸಾಡುವುದಿಲ್ಲ. ರಾತ್ರಿಯ ರೊಟ್ಟಿಯನ್ನು ಬೆಳಿಗ್ಗೆ ಮುರಿದು ಮಜ್ಜಿಗೆಯಲ್ಲಿ ಒಗ್ಗರಣೆ ಹಾಕಿದರೆ ತಿಂಡಿಯಾಯಿತು. ಉಳಿದ ಅನ್ನಕ್ಕೆ ಹಿಟ್ಟು ಬೆರೆಸಿ ಮುಷ್ಟಿಯಷ್ಟು ಉಂಡೆ ಮಾಡಿ ಹಬೆಯಲ್ಲಿ ಬೇಯಿಸಿದರೆ ಮುಠಿಯಾ. ಮೆಂತೆ ಸೊಪ್ಪು, ಗೋಧಿ ಹಿಟ್ಟು, ಮೊಸರು ಸೇರಿಸಿ ಲಟ್ಟಿಸಿದ ಥೇಪ್ಲಾ ಪ್ರಯಾಣದ ಬುತ್ತಿ. ಅಲ್ಲಿಯ ಒಣ ಚಳಿಗಾಲದಲ್ಲಿ ಅದು ಎರಡು ಮೂರು ದಿನ ಕೆಡದು. ನಮ್ಮ ಕರಾವಳಿಯ ಶೆಕೆಯಲ್ಲಿ ಮರುದಿನಕ್ಕಿಂತ ಹೆಚ್ಚು ಇಡಬಾರದು.

ನಾಲ್ಕನೆಯದು, ವರ್ಷದ ದಾಸ್ತಾನು. ಬೇಸಗೆಯಲ್ಲಿ ಗೋಧಿ ಕೊಂಡು ಶುಚಿ ಮಾಡಿ, ಹುಳ ಹಿಡಿಯದಂತೆ ಸ್ವಲ್ಪವೇ ಹರಳೆಣ್ಣೆ ಸವರಿ ಡಬ್ಬಿಯಲ್ಲಿ ತುಂಬಿಡುತ್ತಾರೆ. ಹರಳು ಮತ್ತು ನೆಲಗಡಲೆ ಬೆಳೆಯುವುದರಲ್ಲಿ ಗುಜರಾತು ದೇಶಕ್ಕೇ ಮೊದಲು. ಮಾವಿನಕಾಯಿ ತುರಿದು ಸಕ್ಕರೆ ಬೆರೆಸಿ ಬಿಸಿಲಿಗಿಟ್ಟು ಛುಂದೋ ಎಂಬ ಉಪ್ಪಿನಕಾಯಿ ಮಾಡುತ್ತಾರೆ. ಮನೆಯಲ್ಲಿ ಅಕ್ಕಿ, ಬೇಳೆ, ಉಪ್ಪಿನಕಾಯಿ ಇದ್ದರೆ ಎಷ್ಟು ಹೊತ್ತಿಗೆ ಬಂದವನಿಗೂ ಊಟವಿದೆ ಎಂಬ ಧೈರ್ಯವಿರುತ್ತದೆ.

ನಮ್ಮ ಅಡಿಗೆಯೂ ಅವರದ್ದೂ ದೂರದ ನೆಂಟರು ಎಂದು ನನಗೆ ಅಲ್ಲಿ ಹಲವು ಸಲ ಅನಿಸಿದೆ. ನಾವು ಕೆಸುವಿನ ಎಲೆಗೆ ಅಕ್ಕಿಯ ಹಿಟ್ಟು ಸವರಿ ಸುತ್ತಿ ಪತ್ರೊಡೆ ಮಾಡುತ್ತೇವೆ. ಅವರು ಅದೇ ಎಲೆಗೆ ಕಡಲೆಹಿಟ್ಟು, ಹುಣಸೆ, ಬೆಲ್ಲ ಸವರಿ ಸುತ್ತಿ ಹಬೆಯಲ್ಲಿ ಬೇಯಿಸಿ ಪಾತ್ರಾ ಎನ್ನುತ್ತಾರೆ. ನಾವು ಅಕ್ಕಿ ಉದ್ದು ಅರೆದು ಹುದುಗಿಸಿ ಇಡ್ಲಿ ಮಾಡಿದರೆ, ಅವರು ಹೆಚ್ಚು ಕಡಿಮೆ ಅದೇ ಹಿಟ್ಟನ್ನು ತಟ್ಟೆಯಲ್ಲಿ ಹೊಯ್ದು ಇದಡಾ ಎಂಬ ಬಿಳಿ ಢೋಕ್ಲಾ ಮಾಡುತ್ತಾರೆ. ನಮ್ಮ ಮಜ್ಜಿಗೆ ಹುಳಿಗೆ ಕಢಿ ತಂಗಿಯಾಗಬೇಕು.

ಒಂದು ಮಳೆಗಾಲದ ಪಾಠ

ಖಿಚಡಿಯ ಬೆಲೆ ನನಗೆ ಗೊತ್ತಾದದ್ದು ಕಾಯಿಲೆ ಬಿದ್ದಾಗ. ಒಂದು ಮಳೆಗಾಲದಲ್ಲಿ ಸಂಜೆ ಹೊತ್ತು ಗೆಳೆಯರೊಂದಿಗೆ ಪಾಣಿಪುರಿ ತಿನ್ನುವ ಚಟ ಹತ್ತಿತ್ತು. ಶ್ರಾವಣ ಮುಗಿಯುವಷ್ಟರಲ್ಲಿ ಕಣ್ಣು ಹಳದಿಯಾಗಿ, ಅನ್ನ ಕಂಡರೆ ವಾಕರಿಕೆ ಬಂದು, ಕಾಮಾಲೆ ಎಂದು ಮಲಗಿದೆ. ಅದು ಯಾವ ಗಾಡಿಯಿಂದ ಬಂತೆಂದು ನಾನು ಹೇಳಲಾರೆ. ಕೊಳಕು ನೀರಿನಿಂದ ಹರಡುವ ಕಾಮಾಲೆ ಹೊಟ್ಟೆ ಸೇರಿದ ಮೇಲೆ ಹೊರಗೆ ಕಾಣಿಸಿಕೊಳ್ಳಲು ಎರಡರಿಂದ ಆರು ವಾರ ಬೇಕು. ಅಷ್ಟು ದಿನದಲ್ಲಿ ನಾನು ಎಲ್ಲೆಲ್ಲಿ ತಿಂದಿದ್ದೆನೋ ದೇವರಿಗೇ ಗೊತ್ತು. ಮಳೆಗಾಲದಲ್ಲಿ ಚರಂಡಿಯ ನೀರು ಕುಡಿಯುವ ನೀರಿಗೆ ಸೇರುವುದು ಸುಲಭ. 2018ರ ಜುಲೈಯಲ್ಲಿ ವಡೋದರಾ ನಗರಪಾಲಿಕೆ ಮಳೆ ಮುಗಿಯುವ ತನಕ ಪಾಣಿಪುರಿ ಮಾರಬಾರದೆಂದು ತಡೆದ ಸುದ್ದಿ ಓದಿದಾಗ ನನ್ನ ಹಳೆಯ ಹಳದಿ ಕಣ್ಣುಗಳ ನೆನಪಾಯಿತು.

ಆಗ ಪಕ್ಕದ ಮನೆಯ ಒಬ್ಬ ಮುದುಕಿ, ನಾವೆಲ್ಲ ಬಾ ಎಂದು ಕರೆಯುತ್ತಿದ್ದವರು, ದಿನವೂ ಎರಡು ಹೊತ್ತು ಒಂದು ಮುಚ್ಚಿದ ಗಿಂಡಿಯಲ್ಲಿ ಬಿಸಿ ಖಿಚಡಿ ತಂದು ಕೊಡುತ್ತಿದ್ದರು. ಮೊದಲು ನಾಲ್ಕು ಚಮಚ ಹೋಗುವುದೇ ಕಷ್ಟ. ವಾರ ಕಳೆದಂತೆ ಅರ್ಧ ಗಿಂಡಿ, ಆಮೇಲೆ ತುಂಬ. ಮೂರು ವಾರಗಳ ನಂತರ ಎದ್ದು ಓಡಾಡಿದೆ. "ಖಿಚಡಿ ಬೇಸರವಾಯಿತೇ ಮಗಾ?" ಎಂದು ಬಾ ಕೇಳಿದಾಗ ಇಲ್ಲವೆಂದೆ. ಸುಳ್ಳು ಹೇಳಲಿಲ್ಲ. ಈಗಲೂ ಪ್ರವಾಸ ಮುಗಿಸಿ ದಣಿದು ಬಂದ ರಾತ್ರಿ ನನಗೆ ಬೇಕಾಗುವುದು ಅದೇ.

ಅರ್ಧ ಗಂಟೆಯ ಊಟ

ಇನ್ನು ಮಾಡುವ ಕ್ರಮ. ಹೆಂಗಸರಿಗೆ ಇದು ಹೊಸತಲ್ಲ. ನಾನು ಬರೆಯುತ್ತಿರುವುದು ಗಂಡಸರಿಗೆ ಮತ್ತು ಹೈಸ್ಕೂಲು ದಾಟಿದ ಮಕ್ಕಳಿಗೆ.

ನಾಲ್ಕು ಜನರಿಗೆ ಒಂದು ಲೋಟ ಬೆಳ್ತಿಗೆ ಅಕ್ಕಿ, ಮುಕ್ಕಾಲು ಲೋಟ ಹೆಸರುಬೇಳೆ. ಸಿಪ್ಪೆಯಿರುವ ಬೇಳೆಯಾದರೆ ಇನ್ನೂ ಒಳ್ಳೆಯದು. ಎರಡನ್ನೂ ಮೂರು ನೀರಿನಲ್ಲಿ ತೊಳೆದು ಕುಕ್ಕರಿಗೆ ಹಾಕಿ. ಏಳು ಲೋಟ ನೀರು, ಅರ್ಧ ಚಮಚ ಅರಸಿನ, ಬೇಕಷ್ಟು ಉಪ್ಪು. ಮನೆಯಲ್ಲಿ ಸೋರೆಕಾಯಿ, ಅಲಸಂಡೆ, ಕ್ಯಾರೆಟ್, ನುಗ್ಗೆಸೊಪ್ಪು ಏನಿದ್ದರೂ ಹೆಚ್ಚಿ ಅದಕ್ಕೇ ಸೇರಿಸಿ. ನಾಲ್ಕೈದು ಸೀಟಿ ಆದ ಮೇಲೆ ಇಳಿಸಿ. ಸೌಟಿನಿಂದ ಕದಡಿದರೆ ಗಂಜಿಗಿಂತ ಗಟ್ಟಿ, ಅನ್ನಕ್ಕಿಂತ ಮೆದು ಇರಬೇಕು. ಬಡಿಸುವಾಗ ಒಂದು ಚಿಕ್ಕ ಚಮಚ ತುಪ್ಪ. ಕುಚ್ಚಲಕ್ಕಿಯೇ ಬೇಕೆಂಬವರು ಬೆಳಿಗ್ಗೆ ಹೊರಡುವಾಗ ಅಕ್ಕಿ ನೆನೆಹಾಕಿ, ರಾತ್ರಿ ಸೀಟಿ ಹೆಚ್ಚಿಸಿದರಾಯಿತು.

ಕುಕ್ಕರ್ ಒಲೆಯ ಮೇಲಿರುವಾಗ ಪಕ್ಕದ ಒಲೆಯಲ್ಲಿ ಕಢಿ. ಮೂರು ಲೋಟ ಹುಳಿ ಮಜ್ಜಿಗೆಗೆ ಎರಡು ದೊಡ್ಡ ಚಮಚ ಕಡಲೆಹಿಟ್ಟು ಹಾಕಿ ಗಂಟಾಗದಂತೆ ಕಡೆಯಿರಿ. ಜಜ್ಜಿದ ಶುಂಠಿ, ಹಸಿಮೆಣಸು, ಉಪ್ಪು, ನೆಲ್ಲಿಕಾಯಿಯಷ್ಟು ಬೆಲ್ಲ ಸೇರಿಸಿ ಸಣ್ಣ ಉರಿಯಲ್ಲಿಡಿ. ಕುದಿ ಬರುವ ತನಕ ಕೈ ಬಿಡದೆ ತಿರುಗಿಸಬೇಕು, ಇಲ್ಲದಿದ್ದರೆ ಒಡೆಯುತ್ತದೆ. ಹಿಟ್ಟಿನ ಹಸಿ ವಾಸನೆ ಹೋದ ಮೇಲೆ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳು ಮೆಂತೆ, ಎರಡು ಲವಂಗ, ಒಣಮೆಣಸು, ಬೇವಿನೆಲೆಯ ಒಗ್ಗರಣೆ ಕೊಡಿ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲ ಬಿಟ್ಟು ಮಾಡಿ, ರುಚಿಗೆ ಕೊರತೆಯಿಲ್ಲ.

ನಾವೂ ರಾತ್ರಿ ಗಂಜಿ ಉಣ್ಣುತ್ತಿದ್ದೆವಲ್ಲ, ಅದು ಸಾಲದೇ ಎಂದು ಹಿರಿಯರು ಕೇಳಬಹುದು. ಗಂಜಿ ನಮ್ಮ ಹಿರಿಯರನ್ನು ಸಾಕಿದೆ. ಆದರೆ ಗಂಜಿಯೊಂದಿಗೆ ಬರೀ ಉಪ್ಪಿನಕಾಯಿ ಅಥವಾ ಒಂದು ತುಂಡು ಒಣಮೀನು ಎಂದಾದರೆ ಅದರಲ್ಲಿ ಅಕ್ಕಿಯದೇ ರಾಜ್ಯ. ನೂರು ಗ್ರಾಂ ಅಕ್ಕಿಯಲ್ಲಿ ಪ್ರೋಟೀನು ಏಳೆಂಟು ಗ್ರಾಂ. ಅಷ್ಟೇ ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ. ಅಕ್ಕಿಯ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಂಶ ಕಡಿಮೆ, ಬೇಳೆಯಲ್ಲಿ ಅದು ಧಾರಾಳ. ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೋನಿನ್ ಅಕ್ಕಿಯಿಂದ ಸಿಗುತ್ತದೆ. ಎರಡೂ ಒಂದೇ ಪಾತ್ರೆಯಲ್ಲಿ ಬೆಂದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಖಿಚಡಿಯಿಂದ ನಾವು ಕಲಿಯಬೇಕಾದದ್ದು ಇದನ್ನೇ. ಹೆಸರು ಏನಾದರೂ ಇರಲಿ, ರಾತ್ರಿಯ ಗಂಜಿಗೆ ಒಂದು ಹಿಡಿ ಹೆಸರುಕಾಳೋ ಹುರುಳಿಯೋ ಬಿದ್ದರೆ ಸಾಕು.

ಒಂದು ಎಚ್ಚರಿಕೆಯ ಮಾತು. ಖಿಚಡಿ ಔಷಧಿಯಲ್ಲ. ಸಕ್ಕರೆ ಕಾಯಿಲೆಯವರು ಅಕ್ಕಿಯಷ್ಟೇ ಅಥವಾ ಅದಕ್ಕಿಂತ ಹೆಚ್ಚು ಬೇಳೆ, ತುಂಬ ತರಕಾರಿ ಹಾಕಿ, ಅಳತೆಯಲ್ಲಿ ಉಣ್ಣಬೇಕು. ಮೂತ್ರಪಿಂಡದ ತೊಂದರೆ ಇರುವವರು ಬೇಳೆ ಎಷ್ಟು ತಿನ್ನಬಹುದೆಂದು ವೈದ್ಯರನ್ನೇ ಕೇಳಬೇಕು. ಉಳಿದ ಖಿಚಡಿಯನ್ನು ನಮ್ಮ ಶೆಕೆಯಲ್ಲಿ ರಾತ್ರಿಯಿಡೀ ಹೊರಗಿಡಬಾರದು. ಬೇಗ ಆರಿಸಿ ಫ್ರಿಜ್ಜಿನಲ್ಲಿಟ್ಟು, ಮರುದಿನ ಚೆನ್ನಾಗಿ ಕುದಿಸಿಯೇ ತಿನ್ನಬೇಕು.

ಗುಜರಾತಿನ ಎಲ್ಲವನ್ನೂ ನಾನು ಹೊಗಳುತ್ತಿದ್ದೇನೆಂದೂ ತಿಳಿಯಬೇಡಿ. ಸಾರಿಗೂ ಪಲ್ಯಕ್ಕೂ ಬೆಲ್ಲ ಸಕ್ಕರೆ ಹಾಕುವ ಅಭ್ಯಾಸ, ಡಬ್ಬಿ ತುಂಬ ಕರಿದ ತಿಂಡಿ, ಗಾಂಠಿಯಾದಲ್ಲಿರುವ ಉಪ್ಪು ಮತ್ತು ಸೋಡಾ, ಇವುಗಳನ್ನು ಅವರಿಗೇ ಬಿಡೋಣ. ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಚಹಾ ಚಮಚದಷ್ಟು, ಉಪ್ಪಿನಕಾಯಿ ಹಪ್ಪಳ ಎಲ್ಲ ಸೇರಿ.

ಹಿತ್ತಿಲಲ್ಲಿ ಏನು ಮಾಡಬಹುದು?

ಇದು ಕೃಷಿಯ ಅಂಕಣವೂ ಆದ್ದರಿಂದ ಎರಡು ಮಾತು. ಗುಜರಾತಿನಲ್ಲಿ ಜನವರಿ 14ರ ಉತ್ತರಾಯಣಕ್ಕೆ ಊಂಧಿಯು ಮಾಡುತ್ತಾರೆ. ಊಂಧು ಎಂದರೆ ತಲೆಕೆಳಗು. ಮಣ್ಣಿನ ಮಡಕೆಯಲ್ಲಿ ತರಕಾರಿ ತುಂಬಿ, ತಲೆಕೆಳಗಾಗಿ ಹೂತು, ಮೇಲೆ ಬೆಂಕಿ ಹಾಕಿ ಬೇಯಿಸುತ್ತಿದ್ದ ಅಡಿಗೆ. ಅದರಲ್ಲಿ ಎಳೆ ಅವರೆ, ನೇರಳೆ ಬಣ್ಣದ ಬಳ್ಳಿಗೆಣಸು, ಸಿಹಿಗೆಣಸು, ಸಣ್ಣ ಬದನೆ, ಬಾಳೆಕಾಯಿ, ಮೆಂತೆ ಸೊಪ್ಪಿನ ಮುಠಿಯಾ. ಈ ಪಟ್ಟಿಯನ್ನು ಒಮ್ಮೆ ಓದಿ ನೋಡಿ. ಇದರಲ್ಲಿ ನಮ್ಮ ಹಿತ್ತಿಲಲ್ಲಿ ಬೆಳೆಯದ್ದು ಯಾವುದು? ಅಡಿಕೆ ತೋಟದ ಅಂಚಿನಲ್ಲಿ ಹಿಂದೆ ಬಳ್ಳಿಗೆಣಸು, ಸುವರ್ಣಗೆಡ್ಡೆ, ಕೆಸು ಎಲ್ಲ ಇದ್ದವು. ಈಗ ಅಡಿಕೆ ಮಾತ್ರ ಇದೆ, ತರಕಾರಿ ಲಾರಿಯಲ್ಲಿ ಬರುತ್ತದೆ.

ಮಳೆ ನಿಂತ ಮೇಲೆ, ಅಕ್ಟೋಬರದಿಂದ ಜನವರಿಯವರೆಗೆ, ಮೆಂತೆ ಬಿತ್ತಲು ಒಳ್ಳೆಯ ಕಾಲ. ಅಂಗಡಿಯ ಮೆಂತೆ ಕಾಳನ್ನೇ ಒಂದು ರಾತ್ರಿ ನೆನೆಸಿ, ಹಟ್ಟಿಗೊಬ್ಬರ ಬೆರೆಸಿದ ಮಣ್ಣಿನ ಚಟ್ಟಿಯಲ್ಲೋ ಹಳೆಯ ಬಕೆಟಿನಲ್ಲೋ ಉದುರಿಸಿ ತೆಳ್ಳಗೆ ಮಣ್ಣು ಮುಚ್ಚಿ. ನೀರು ನಿಲ್ಲಬಾರದು. ಸುಮಾರು ಒಂದು ತಿಂಗಳಲ್ಲಿ ಸೊಪ್ಪು ಕೊಯ್ಯಬಹುದು. ಗದ್ದೆ ಇನ್ನೂ ಉಳಿಸಿಕೊಂಡವರು ಎರಡನೆಯ ಬೆಳೆಯ ನಂತರ ಹೆಸರು, ಉದ್ದು, ಅಲಸಂಡೆ ಹಾಕಿದರೆ ಅಡಿಗೆಗೂ ಆಯಿತು, ಮಣ್ಣಿಗೂ ಸಾರಜನಕ ಸೇರಿತು. ಪುನರ್ಪುಳಿಯ ಸಿಪ್ಪೆಯನ್ನು ಏಪ್ರಿಲ್ ಮೇ ಬಿಸಿಲಿನಲ್ಲಿ ಒಣಗಿಸಿ ಭರಣಿಯಲ್ಲಿಡಿ. ವರ್ಷಪೂರ್ತಿ ಸಾರಿಗೆ ಹುಳಿಯಾಯಿತು.

ಹೋಟೇಲಿಗೆ ಹೋಗುವಾಗ

ಹೋಟೇಲಿನವರೂ ನಮ್ಮವರೇ. ಬೆಳಗ್ಗೆ ನಾಲ್ಕಕ್ಕೆ ಎದ್ದು ಹಿಟ್ಟು ನಾದುವ, ಗೋಳಿಬಜೆ ಬಿಡುವ ಆ ಕುಟುಂಬಗಳ ಹೊಟ್ಟೆಗೆ ಕಲ್ಲು ಹಾಕುವುದು ನನ್ನ ಉದ್ದೇಶವಲ್ಲ. ವಾರಕ್ಕೊಮ್ಮೆ ಮನೆಯವರೆಲ್ಲ ಹೋಗಿ ಬಿಸಿಬಿಸಿಯಾಗಿ ತಿಂದು ಬನ್ನಿ. ಆದರೆ ಕಣ್ಣು ತೆರೆದು ತಿನ್ನಿ.

ಎಲ್ಲ ಹೋಟೇಲುಗಳೂ ಆಹಾರ ಸುರಕ್ಷತೆಯ ನೋಂದಣಿ ಅಥವಾ ಪರವಾನಗಿ ಪಡೆದಿರಬೇಕು. ಅದರ 14 ಅಂಕೆಗಳ ಸಂಖ್ಯೆ ಗೋಡೆಯ ಮೇಲೆ ಕಾಣುವಂತಿರಬೇಕು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಹುಟ್ಟುವ ಕೆಟ್ಟ ಅಂಶಗಳು ಶೇಕಡಾ 25 ದಾಟಿದರೆ ಆ ಎಣ್ಣೆಯನ್ನು ಬಳಸಬಾರದೆಂದು 2018ರ ಜುಲೈಯಿಂದ ನಿಯಮವಿದೆ. ನಮ್ಮ ಕೈಯಲ್ಲಿ ಅಳೆಯುವ ಯಂತ್ರವಿಲ್ಲ, ಆದರೆ ಕಣ್ಣು ಮೂಗು ಇದೆ. ಎಣ್ಣೆ ಕಪ್ಪಾಗಿ, ನೊರೆ ಬಂದು, ಗಂಟಲು ಕಟ್ಟುವ ಹೊಗೆ ಬರುತ್ತಿದ್ದರೆ ಅಲ್ಲಿಂದ ಏಳಿ. ಹಸಿ ಮೊಟ್ಟೆಯ ಮೇಯನೇಸನ್ನು ಕೇರಳ ಸರಕಾರ 2023ರ ಜನವರಿಯಲ್ಲಿ ನಿಷೇಧಿಸಿತು. ಪಾರ್ಸೆಲಿನ ಮೇಲೆ ತಯಾರಿಸಿದ ದಿನ, ಸಮಯ ಮತ್ತು ಎಷ್ಟು ಹೊತ್ತಿನೊಳಗೆ ತಿನ್ನಬೇಕೆಂಬ ಚೀಟಿ ಇರಬೇಕೆಂದೂ ಆಗಲೇ ಆದೇಶಿಸಿತು. ಚೀಟಿ ಇಲ್ಲದಿದ್ದರೆ ಮರ್ಯಾದೆಯಿಂದಲೇ ಕೇಳಿ. ಗಿರಾಕಿ ಕೇಳಲು ಶುರುಮಾಡಿದರೆ ಅಂಗಡಿಯವನು ಬರೆಯಲು ಶುರುಮಾಡುತ್ತಾನೆ. ಮಳೆಗಾಲದಲ್ಲಿ ಕುದಿಸಿದ ನೀರು, ಬಿಸಿ ತಿಂಡಿ ಮಾತ್ರ. ಹೆಚ್ಚಿಟ್ಟ ನೀರುಳ್ಳಿ ಸೌತೆ, ಹಸಿ ಚಟ್ನಿ, ಮಂಜುಗಡ್ಡೆ ಬೇಡ.

ಎರಡು ಕೈಯ ಪ್ರಶ್ನೆ

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ಮನೆ ಊಟದ ಬಗ್ಗೆ ಉಪದೇಶ ಮಾಡುವವರಲ್ಲಿ ಹೆಚ್ಚಿನವರು, ನನ್ನನ್ನೂ ಸೇರಿಸಿ, ಬಡಿಸಿದ ತಟ್ಟೆಯ ಮುಂದೆ ಕುಳಿತುಕೊಳ್ಳುವವರು. ಹೊರಗೆ ಎಂಟು ಗಂಟೆ ದುಡಿದು ಬಂದ ಹೆಂಗಸಿಗೆ ಒಳಗೆ ಇನ್ನೂ ಮೂರು ಗಂಟೆ ದುಡಿಯೆಂದು ಹೇಳುವುದು ಆರೋಗ್ಯದ ಮಾತಲ್ಲ. ಹೋಟೇಲಿನ ಕಟ್ಟು ನಮ್ಮ ಮನೆಗಳಿಗೆ ಬಂದದ್ದು ಹೆಂಗಸರ ಸೋಮಾರಿತನದಿಂದಲ್ಲ. ದಣಿವಿನಿಂದ ಬಂದಿದೆ. ಹಾಗೆಯೇ, ನಾಲ್ಕು ಬಗೆ ಇಲ್ಲದಿದ್ದರೆ ಊಟವೇ ಅಲ್ಲವೆಂದು ಮುಖ ಸಿಂಡರಿಸುವ ಗಂಡಸರ ಮತ್ತು ಮಕ್ಕಳ ಹಟದಿಂದಲೂ ಬಂದಿದೆ. ತೆಂಗಿನಕಾಯಿ ತುರಿದು, ಮಸಾಲೆ ಹುರಿದು ಅರೆದು ಮಾಡುವ ನಮ್ಮ ಅಡಿಗೆ ರುಚಿಕರ. ಆದರೆ ಅದು ಮನೆಯಲ್ಲಿ ಐದಾರು ಹೆಂಗಸರಿದ್ದ ಕಾಲದ ಅಡಿಗೆ. ಇಬ್ಬರೂ ದುಡಿಯುವ ಮನೆಗೆ ವಾರದ ದಿನಗಳಲ್ಲಿ ಬೇರೆ ಕ್ರಮ ಬೇಕು.

ಆದ್ದರಿಂದ ಮನೆ ಊಟ ಉಳಿಯಬೇಕಾದರೆ ಎರಡು ಬದಲಾವಣೆ ಬೇಕೆಂದು ನನ್ನ ಅಭಿಪ್ರಾಯ. ಒಂದು, ರಾತ್ರಿಯ ಊಟ ಸರಳವಾಗಲಿ. ಒಂದು ಪಾತ್ರೆ, ಅರ್ಧ ಗಂಟೆ. ಇನ್ನೊಂದು, ಆ ಪಾತ್ರೆಯನ್ನು ಒಲೆಯ ಮೇಲಿಡಲು ಮನೆಯ ಎಲ್ಲರಿಗೂ ಬರಲಿ. ಮೊದಲು ಮನೆ ತಲಪಿದವರು, ಗಂಡಸಾಗಲಿ ಮಗಳಾಗಲಿ ಮಗನಾಗಲಿ, ಅಕ್ಕಿ ಬೇಳೆ ತೊಳೆದು ಕುಕ್ಕರ್ ಇಡಲಿ. ವಾರದ ಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸಿ. ಹೀಗೆ ಸೋಮವಾರದಿಂದ ಶುಕ್ರವಾರ ನಡೆದರೆ ಶನಿವಾರ ರಾತ್ರಿ ಎಲ್ಲರೂ ಸೇರಿ ಹೋಟೇಲಿಗೆ ಹೋಗಲು ಯಾರ ಅಪ್ಪಣೆಯೂ ಬೇಡ, ಯಾರ ಉಪದೇಶವೂ ಬೇಡ.

ಮೊನ್ನೆ ಆ ಮನೆಗೆ ಮತ್ತೆ ಹೋಗಿದ್ದೆ. ಯಜಮಾನ ಅಡಿಗೆಕೋಣೆಯಲ್ಲಿದ್ದ. ಕುಕ್ಕರಿಗೆ ನೀರು ಹೆಚ್ಚಾಗಿ ಖಿಚಡಿ ತೆಳ್ಳಗಾಗಿತ್ತು, ಉಪ್ಪು ಹಾಕಲು ಮರೆತಿದ್ದ. ಮಕ್ಕಳು ನಗುತ್ತಿದ್ದರು. ಆ ತಾಯಿ ಮಾತ್ರ ನಗದೆ, ಕುರ್ಚಿಯ ಮೇಲೆ ಕಾಲು ಚಾಚಿ ಕುಳಿತು ಹೇಳಿದರು: "ಉಪ್ಪು ಮೇಲೆ ಹಾಕ್ಬಹುದು ಫಾದರ್. ನೀವೂ ಕೂತ್ಕೊಳ್ಳಿ, ಒಂದು ಸೌಟು ಉಣ್ಣಿ." ಕುಳಿತು ಉಂಡೆ.